ಮೇಜಿನ ಕೆಲಸಕ್ಕೆ ಎಐ ಎಷ್ಟು ಬೇಗ ಕೈ ಹಾಕುತ್ತದೆ? ಮಂಗಳೂರು, ಉಡುಪಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳ ಪೋಷಕರ ಸಭೆಯಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇವೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಸಾಕು.

## ಮೊದಲ ಪ್ರಶ್ನೆಗಳು

ನೇರ ಹೇಳಿ, ನಮಗೆ ಇನ್ನೆಷ್ಟು ವರ್ಷ ಉಂಟು?

ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಹುದ್ದೆ ಒಂದೇ ದಿನ ಹೋಗುವುದಿಲ್ಲ, ಅದರೊಳಗಿನ ಕೆಲಸಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಯಾವ ಕೆಲಸದಲ್ಲಿ ತಪ್ಪನ್ನು ಒಂದು ನೋಟಕ್ಕೆ ಹಿಡಿಯಬಹುದೋ ಅದು ಬೇಗ ಕಳಚುತ್ತದೆ: ಕರಡು ಪತ್ರ, ಸಭೆಯ ಟಿಪ್ಪಣಿ, ಸರಳ ಅನುವಾದ, ಎಕ್ಸೆಲ್ ಸೂತ್ರ ಇವೆಲ್ಲ ಈಗಾಗಲೇ ಕಳಚಿವೆ. ತಪ್ಪು ಆರು ತಿಂಗಳ ಮೇಲೆ ನೋಟಿಸ್ ರೂಪದಲ್ಲಿ ಬರುವಂಥ ಕೆಲಸ ನಿಧಾನಕ್ಕೆ ಹೋಗುತ್ತದೆ. ಯಾರಾದರೂ ಸಹಿ ಹಾಕಿ ಹೊಣೆ ಹೊರಲೇಬೇಕಾದ ಕೆಲಸ ಇನ್ನೂ ನಿಧಾನ.

ಎಐ ಎಷ್ಟು ಬೇಗ ಬರೆಯುತ್ತದೆ ಎನ್ನುವುದರ ಮೇಲೆ ನಿಮ್ಮ ವರ್ಷಗಳ ಲೆಕ್ಕ ನಿಂತಿಲ್ಲ. ಅದು ಬರೆದದ್ದನ್ನು ಎಷ್ಟು ಬೇಗ ಪರೀಕ್ಷಿಸಬಹುದು, ತಪ್ಪಾದರೆ ಯಾರ ತಲೆಗೆ ಬರುತ್ತದೆ ಎನ್ನುವುದರ ಮೇಲೆ ನಿಂತಿದೆ. ಈ ಪುಟದ ಬಹುಪಾಲು ಉತ್ತರಗಳು ಇದೇ ಎರಡು ಪ್ರಶ್ನೆಗಳ ಸುತ್ತ ಇವೆ.

ಮೇಜಿನ ಕೆಲಸ ಅಂದರೆ ಯಾರದ್ದೆಲ್ಲ? ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯೂ ಸೇರಿತಾ?

ಸೇರಿತು. ಕೈಗೆ ಬರುವುದು ಮಾಹಿತಿ, ಕೈಯಿಂದ ಹೋಗುವುದೂ ಮಾಹಿತಿ ಆಗಿದ್ದರೆ ಅದು ಮೇಜಿನ ಕೆಲಸ. ಅಕೌಂಟೆಂಟ್, ಪ್ರೋಗ್ರಾಮರ್, ಬ್ಯಾಂಕ್ ಕ್ಲರ್ಕ್, ವಕೀಲರ ಜೂನಿಯರ್, ಮೆಡಿಕಲ್ ಕೋಡರ್ (ಆಸ್ಪತ್ರೆಯ ದಾಖಲೆಗಳಿಗೆ ಬಿಲ್ಲಿಂಗ್ ಸಂಕೇತ ಹಾಕುವವರು), ಉಪಸಂಪಾದಕ, ಪತ್ರ ಬರಹಗಾರ ಎಲ್ಲರೂ ಇದರಲ್ಲಿದ್ದಾರೆ. ಮಲ್ಪೆಯ ಬೋಟಿನಲ್ಲಿ ಬಲೆ ಎಳೆಯುವವರು, ಎಲೆಕ್ಟ್ರಿಷಿಯನ್, ನರ್ಸ್ ಇವರ ಕೆಲಸದ ಮುಖ್ಯ ಪಾಲು ಇದರ ಹೊರಗೆ.

ಇದು ನಿಜಕ್ಕೂ ಯೋಚಿಸುತ್ತದಾ, ಅಲ್ಲ ಬಾಯಿಪಾಠವಾ?

ಎರಡೂ ಮಾತು ಅಷ್ಟು ಸರಿ ಹೊಂದುವುದಿಲ್ಲ. ಇಂದಿನ ಭಾಷಾ ಮಾದರಿಗಳ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸ 2017ರಲ್ಲಿ ಗೂಗಲ್ ಸಂಶೋಧಕರಿಂದ ಬಂತು. ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಕೊಟ್ಟ ಪಠ್ಯದ ನಂತರ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಅಂದಾಜಿಸುತ್ತಾ ತುಣುಕು ತುಣುಕಾಗಿ ಬರೆಯುವುದು ಇದರ ರೀತಿ. ಅದರಿಂದ ನಿಜವಾದ ಲೆಕ್ಕ, ತರ್ಕ, ಕೋಡ್ ಹುಟ್ಟುತ್ತದೆ. ಅದೇ ದಾರಿಯಲ್ಲಿ ಇಲ್ಲದ ಸಂಗತಿಯೂ ಅಷ್ಟೇ ಗಟ್ಟಿ ದನಿಯಲ್ಲಿ ಹುಟ್ಟುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ಆ ತೀರ್ಪುಗಳ ಹೆಸರು, ಸಂಖ್ಯೆ, ಭಾಷೆ ಎಲ್ಲ ಅಸಲಿಯಂತೆಯೇ ಇತ್ತು. ಅನುಭವ ಇಲ್ಲದವರ ಕಣ್ಣಿಗೆ ತಪ್ಪು ಕಾಣದಂತೆ ಬರುವುದೇ ಇದರ ದೊಡ್ಡ ಅಪಾಯ.

ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಲೂ ಹೀಗೇ ಹೆದರಿಸಿದ್ದರು. ಆಮೇಲೆ ಎಂತ ಆಯಿತು?

ಈ ಪ್ರಶ್ನೆಯನ್ನು ಕೇಳಲು ನಮ್ಮ ಜಿಲ್ಲೆಗಳಿಗಿಂತ ಸರಿಯಾದ ಜಾಗ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಐದು ಬ್ಯಾಂಕ್ ಹುಟ್ಟಿದ ನೆಲ ಇದು. ಮನೆಗೊಬ್ಬ ಬ್ಯಾಂಕ್ ನೌಕರ ಎನ್ನುವ ಮಾತು ಇಲ್ಲಿ ಉತ್ಪ್ರೇಕ್ಷೆಯಾಗಿ ಕೇಳುತ್ತಿರಲಿಲ್ಲ.

ಆಗ ಸಂಜೆಯಾದರೆ ಲೆಡ್ಜರಿನ ಉದ್ದಕ್ಕೆ ಬೆರಳು ಇಳಿಸುತ್ತಾ ಕೂಡಿಸಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಎಂಟು ಗಂಟೆಯವರೆಗೆ ಕೂತು ಹುಡುಕಬೇಕು. ಬಡ್ಡಿ ಲೆಕ್ಕದ ಅರ್ಧವಾರ್ಷಿಕ ಬಂದರೆ ಮನೆಗೆ ಹೋಗುವುದು ರಾತ್ರಿಯೇ. ಯಂತ್ರೀಕರಣದ ಬಗ್ಗೆ ಬ್ಯಾಂಕ್ ಆಡಳಿತಗಳಿಗೂ ಯೂನಿಯನ್‌ಗಳಿಗೂ ಮೊದಲ ಒಪ್ಪಂದ ಆದದ್ದು 1983ರಲ್ಲಿ. ರಿಸರ್ವ್ ಬ್ಯಾಂಕ್ ನೇಮಿಸಿದ ರಂಗರಾಜನ್ ಸಮಿತಿ 1984ರಲ್ಲಿ ದಾರಿ ಹಾಕಿಕೊಟ್ಟಿತು. ಆ ಲೆಡ್ಜರ್ ಕೆಲಸ ಪೂರ್ತಿ ಹೋಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು, ಎಲ್ಲ ಶಾಖೆಗಳೂ ಕೋರ್ ಬ್ಯಾಂಕಿಂಗ್‌ಗೆ, ಎಂದರೆ ಒಂದೇ ಕೇಂದ್ರ ಕಂಪ್ಯೂಟರ್ ಜಾಲಕ್ಕೆ, ಬಂದ ಮೇಲೆಯೇ ಅದು ಮುಗಿದದ್ದು.

ಯಾರನ್ನಾದರೂ ಹೊರದೂಡಿದರೇ? ಹೆಚ್ಚುಕಮ್ಮಿ ಇಲ್ಲ. ಆದರೆ ಕ್ಲರ್ಕ್ ನೇಮಕಾತಿ ವರ್ಷಗಟ್ಟಲೆ ಬಹುಪಾಲು ನಿಂತೇ ಹೋಗಿತ್ತು. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಹೊರಬಂದರು. ಕೂತವರನ್ನು ಯಾರೂ ಎಬ್ಬಿಸಲಿಲ್ಲ, ಅವರು ಎದ್ದುಹೋದ ಕುರ್ಚಿಗೆ ಇನ್ನೊಬ್ಬರು ಬರಲಿಲ್ಲ. ಪೆಟ್ಟು ಬಿದ್ದದ್ದು ಆಗ ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗ ಹುಡುಗಿಯರಿಗೆ. ಅವರಲ್ಲಿ ಬಹಳಷ್ಟು ಮಂದಿ ಮುಂಬಯಿ, ಬೆಂಗಳೂರು, ಗಲ್ಫ್ ಹಿಡಿದರು. ಎಐ ವಿಷಯದಲ್ಲೂ ಮೊದಲು ನೋಡಬೇಕಾದ್ದು ಹೊಸಬರು ಒಳಬರುವ ಈ ಬಾಗಿಲನ್ನೇ.

ಹತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ಒಂದೂ ನಿಜ ಆಗಲಿಲ್ಲ ಅಲ್ವಾ?

ಹಳೆಯ ಭವಿಷ್ಯವಾಣಿಗಳು ತಪ್ಪಿದ್ದು ಹೌದು. ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬೋರ್ನ್ 2013ರಲ್ಲಿ ಅಮೆರಿಕದ ಶೇ. 47ರಷ್ಟು ಉದ್ಯೋಗಗಳಿಗೆ ಹೆಚ್ಚಿನ ಅಪಾಯವಿದೆ ಎಂದರು. 2016ರಲ್ಲಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಗಾಗಿ ಮಾಡಿದ ಲೆಕ್ಕದಲ್ಲಿ ಅದು ಶೇ. 9ಕ್ಕೆ ಇಳಿಯಿತು. ಮೊದಲಿನವರು ಇಡೀ ವೃತ್ತಿಯನ್ನು ಒಂದು ಗಂಟಾಗಿ ಅಳೆದಿದ್ದರು, ಎರಡನೆಯವರು ಗಂಟು ಬಿಚ್ಚಿ ಒಳಗಿನ ಕೆಲಸಗಳನ್ನು ಎಣಿಸಿದರು, ಅಷ್ಟೇ ವ್ಯತ್ಯಾಸ. ಅದೇ 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ರೇಡಿಯಾಲಜಿಸ್ಟ್‌ಗಳಿಗೆ (ಎಕ್ಸ್‌ರೇ, ಸ್ಕ್ಯಾನ್ ಓದುವ ವೈದ್ಯರಿಗೆ) ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ರೇಡಿಯಾಲಜಿಸ್ಟ್‌ಗಳಿಗೆ ಬೇಡಿಕೆ ಇನ್ನೂ ಇದೆ, ಯಾಕೆಂದರೆ ಅವರು ಚಿತ್ರ ಓದುವುದು ಮಾತ್ರ ಅಲ್ಲ, ಶಸ್ತ್ರವೈದ್ಯರ ಜೊತೆ ಕೂತು ತೀರ್ಮಾನಿಸುತ್ತಾರೆ, ಸೂಜಿ ಹಾಕುತ್ತಾರೆ, ವರದಿಗೆ ಸಹಿ ಹಾಕುತ್ತಾರೆ.

ಇದರಿಂದ ನೆಮ್ಮದಿ ತಂದುಕೊಳ್ಳುವುದು ಮಾತ್ರ ಸರಿಯಲ್ಲ. 2013ರ ಯಂತ್ರಕ್ಕೆ ಒಂದು ಅರ್ಜಿ ಬರೆಯಲು ಬರುತ್ತಿರಲಿಲ್ಲ. ಈಗಿನದ್ದಕ್ಕೆ ಬರುತ್ತದೆ.

## ಯಾವ ಕೆಲಸಕ್ಕೆ ಎಷ್ಟು

ಟ್ಯಾಲಿ, ಜಿಎಸ್‌ಟಿ ಎಲ್ಲ ಮಾಡುತ್ತೇನೆ. ನನ್ನ ಕೆಲಸ ಹೋಗುತ್ತದಾ?

ಬಿಲ್ ಎಂಟ್ರಿ ಹೋಗುತ್ತದೆ. ಲೆಕ್ಕ ಸರಿಹೊಂದಿಸುವ ಕೆಲಸ ಅರ್ಧ ಹೋಗುತ್ತದೆ, ಉಳಿದ ಅರ್ಧಕ್ಕೆ ಬೆಲೆ ಹೆಚ್ಚುತ್ತದೆ. ಕಾರ್ಕಳದ ಕಡೆಯ ಒಂದು ಗೇರುಬೀಜ ಕಾರ್ಖಾನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಿಂಗಳಿಗೆ 400 ಖರೀದಿ ಬಿಲ್ ಎಂದಿಟ್ಟುಕೊಳ್ಳೋಣ: ಡಬ್ಬ, ರಟ್ಟಿನ ಪೆಟ್ಟಿಗೆ, ಯಂತ್ರದ ಬಿಡಿಭಾಗ, ಲಾರಿ ಬಾಡಿಗೆ. 14ನೇ ತಾರೀಕಿಗೆ ಜಿಎಸ್‌ಟಿಆರ್-2ಬಿ, ಎಂದರೆ ಪೂರೈಕೆದಾರರು ಸಲ್ಲಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, 20ರೊಳಗೆ ತಿಂಗಳ ತೆರಿಗೆ ವಿವರವಾದ 3ಬಿ ಸಲ್ಲಿಸಬೇಕು. ನಡುವಿನ ಆರು ದಿನದಲ್ಲಿ ಟ್ಯಾಲಿಯ ಖರೀದಿ ರಿಜಿಸ್ಟರನ್ನು 2ಬಿ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು: 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ತಾರೀಕು, ತೆರಿಗೆ.

ಒಂದು ಕಡೆ 0452, ಇನ್ನೊಂದು ಕಡೆ 452/25-26 ಎಂದಿದ್ದರೆ ಎಕ್ಸೆಲ್ ಸೂತ್ರ ಎಡವುತ್ತದೆ, ಎಐ ಎಡವುವುದು ಕಮ್ಮಿ. 400ರಲ್ಲಿ 360 ಸಾಲು ಹತ್ತು ನಿಮಿಷದಲ್ಲಿ ಹೊಂದಿಕೊಂಡವು ಎನ್ನಿ. ಬಾಕಿ 40 ಇದೆಯಲ್ಲ, ಅಲ್ಲೇ ಕೆಲಸ ಇರುವುದು. ಪೂರೈಕೆದಾರ ಮಾರ್ಚ್ ಬಿಲ್ಲನ್ನು ಏಪ್ರಿಲ್‌ನಲ್ಲಿ ಹಾಕಿದ್ದಾನೆ. ಇನ್ನೊಬ್ಬ ನಿಮ್ಮದೇ ಪಾನ್‌ನ ಬೇರೆ ರಾಜ್ಯದ ಜಿಎಸ್‌ಟಿ ಸಂಖ್ಯೆಗೆ ಹಾಕಿದ್ದಾನೆ. ಲಾರಿ ಬಾಡಿಗೆಗೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ಕಟ್ಟಬೇಕಾದ್ದು ನೀವೇ. ಡಬ್ಬ ತುಕ್ಕು ಹಿಡಿದಿತ್ತೆಂದು ವಾಪಸ್ ಕಳಿಸಿದ್ದಕ್ಕೆ ಕ್ರೆಡಿಟ್ ನೋಟ್ ಬಂದಿಲ್ಲ. 180 ದಿನದೊಳಗೆ ಹಣ ಕೊಡದ ಬಿಲ್ಲಿನ ಇನ್‌ಪುಟ್ ಕ್ರೆಡಿಟ್ (ಖರೀದಿಯ ತೆರಿಗೆಗೆ ಸಿಗುವ ಹೊಂದಾಣಿಕೆ) ವಾಪಸ್ ಮಾಡಬೇಕು. ಇವಕ್ಕೆ ಫೋನ್ ಮಾಡಬೇಕು, ಗೋಡೌನಿಗೆ ಹೋಗಿ ಕೇಳಬೇಕು. ಎಐ ಇಲ್ಲಿ ಮಾಡುವ ಕೆಟ್ಟ ತಪ್ಪು ಎಂದರೆ ಹೊಂದದ್ದನ್ನೂ ಹೊಂದಿಸಿಬಿಡುವುದು. ಒಂದೇ ಮೊತ್ತದ ಎರಡು ಬೇರೆ ಬಿಲ್ಲುಗಳನ್ನು ಒಂದೇ ಎಂದು ಗುರುತು ಹಾಕಿದರೆ ಅದು ಕಣ್ಣಿಗೆ ಬೀಳುವುದು ಆಡಿಟ್ ಹೊತ್ತಿಗೇ. ಆದ್ದರಿಂದ ಹೊಂದಿದ ಸಾಲುಗಳಿಂದಲೂ 20ನ್ನು ಯಾದೃಚ್ಛಿಕವಾಗಿ ತೆಗೆದು ಕೈಯಾರೆ ನೋಡಿ. ಒಂದು ತಪ್ಪಿದರೂ ಅಷ್ಟನ್ನೂ ಮತ್ತೆ ನೋಡಬೇಕು.

ಮೇಲಿನ ಹಂತದಲ್ಲಿ ಸಹಿಯ ರಕ್ಷಣೆ ಉಂಟು. ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರ, ಆಡಿಟ್ ವರದಿಗಳಿಗೆ 2019ರಿಂದ 18 ಅಕ್ಷರ-ಅಂಕಿಗಳ ಯುಡಿಐಎನ್ ಎಂಬ ಗುರುತು ಸಂಖ್ಯೆ ಕಡ್ಡಾಯ. ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ ಇರಲೇಬೇಕು. ಅಪಾಯ ಇರುವುದು ಆ ಮನುಷ್ಯನ ಕೈಕೆಳಗಿನ ನಾಲ್ಕು ಮಂದಿಯಲ್ಲಿ ಇಬ್ಬರಿಗೆ.

ಮಗ ಮುಡಿಪುವಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಕೋಡ್ ಅದೇ ಬರೆಯುವುದಾದರೆ ಇವರಿಗೆ ಎಂತ ಕೆಲಸ?

ಕೋಡ್ ಬರೆಯುವುದು ಈ ವೃತ್ತಿಯ ಒಂದು ಪಾಲು ಮಾತ್ರ, ಮತ್ತು ಎಐಗೆ ಅತ್ಯಂತ ಚೆನ್ನಾಗಿ ಒಗ್ಗಿದ ಪಾಲು. ಕಾರಣ ಸರಳ: ಕೋಡ್ ಸರಿಯೋ ತಪ್ಪೋ ಎಂದು ಓಡಿಸಿ ನೋಡಬಹುದು. ಟೆಸ್ಟ್ ಕೇಸ್, ಹಳೆಯ ಭಾಷೆಯಿಂದ ಹೊಸದಕ್ಕೆ ವರ್ಗಾವಣೆ, ಸಾಮಾನ್ಯ ಫಾರ್ಮ್ ಪುಟಗಳು ಮೊದಲು ಹೋಗುತ್ತಿವೆ. ಗ್ರಾಹಕ ಹೇಳಿದ್ದು ಒಂದು, ಬೇಕಾದ್ದು ಇನ್ನೊಂದು ಎಂದು ಹಿಡಿಯುವ ಕೆಲಸ ಉಳಿಯುತ್ತದೆ. ನಡುರಾತ್ರಿ ಸರ್ವರ್ ಬಿದ್ದಾಗ ಯಾವುದನ್ನು ಮುಟ್ಟಬಾರದು ಎಂದು ತಿಳಿದಿರುವವರೂ ಬೇಕೇ ಬೇಕು.

ವೇಗದ ಬಗ್ಗೆ ನಮ್ಮ ಅನಿಸಿಕೆಯನ್ನೇ ನಂಬುವಂತಿಲ್ಲ. ಎಂಇಟಿಆರ್ ಎಂಬ ಸಂಸ್ಥೆ 2025ರಲ್ಲಿ 16 ಅನುಭವಿ ಡೆವಲಪರ್‌ಗಳಿಗೆ, ಅವರಿಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟ್‌ಗಳಲ್ಲೇ, 246 ಕೆಲಸ ಕೊಟ್ಟು ಅಳೆಯಿತು. ಎಐ ಬಳಸಿದ್ದರಿಂದ ಶೇ. 20ರಷ್ಟು ಬೇಗ ಮುಗಿಯಿತು ಎಂದು ಅವರಿಗೆ ಅನಿಸಿತ್ತು. ಗಡಿಯಾರದ ಪ್ರಕಾರ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಸಲಕರಣೆಗಳು ಆಮೇಲೆ ಸುಧಾರಿಸಿವೆ, ಆದರೂ ಅಳೆಯದೆ ನಂಬಬಾರದು ಎಂಬ ಪಾಠ ಹಳತಾಗಿಲ್ಲ.

ಕರಾವಳಿಯ ಕಂಪನಿಗಳ ಮಟ್ಟಿಗೆ ಇನ್ನೊಂದು ಒತ್ತಡ ಹೆಚ್ಚು ಬೇಗ ಬರುತ್ತದೆ. ಸೇವಾ ಕಂಪನಿಗಳು ಬಹುಕಾಲ ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ ಬಿಲ್ ಮಾಡಿಕೊಂಡು ಬಂದಿವೆ. ಹೊರದೇಶದ ಗ್ರಾಹಕ "ನಿಮ್ಮಲ್ಲಿ ಎಐ ಉಂಟಲ್ಲ, ದರ ಇಳಿಸಿ" ಎಂದು ಕೇಳಿದ ದಿನ, ಸಲಕರಣೆ ನಿಜಕ್ಕೂ ಸಮಯ ಉಳಿಸಿದೆಯೋ ಇಲ್ಲವೋ, ತಂಡ ಚಿಕ್ಕದಾಗುತ್ತದೆ.

ಕಸ್ಟಮರ್ ಸಪೋರ್ಟ್, ಬಿಪಿಒ ಮೊದಲು ಹೋಗುತ್ತದೆ ಅನ್ನುತ್ತಾರೆ?

ಸರಳ ಪ್ರಶ್ನೆಗಳ ಚಾಟ್ ಕೆಲಸ, ಹೌದು. ಅಮೆರಿಕದ ಒಂದು ಕಂಪನಿಯ 5,000ಕ್ಕೂ ಹೆಚ್ಚು ಸಪೋರ್ಟ್ ನೌಕರರ ಮೇಲೆ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2023ರಲ್ಲಿ ಬಂತು. ಎಐ ಸಲಹೆ ಕೊಟ್ಟಾಗ ಗಂಟೆಗೆ ಬಗೆಹರಿದ ದೂರುಗಳು ಸರಾಸರಿ ಶೇ. 14 ಹೆಚ್ಚಿದವು, ಹೊಸಬರಲ್ಲಿ ಶೇ. 34. ಪಳಗಿದವರಿಗೆ ಹೆಚ್ಚೇನೂ ಲಾಭ ಆಗಲಿಲ್ಲ. ಪಳಗಿದವರ ಜಾಣತನವನ್ನೇ ಯಂತ್ರ ಹೊಸಬರಿಗೆ ಹಂಚಿತ್ತು. ಇನ್ನೊಂದು ಕಡೆ ಸ್ವೀಡನ್ನಿನ ಪಾವತಿ ಕಂಪನಿ ಕ್ಲಾರ್ನಾ 2024ರಲ್ಲಿ ತನ್ನ ಎಐ 700 ಏಜೆಂಟರ ಕೆಲಸ ಮಾಡುತ್ತಿದೆ ಎಂದು ಸಾರಿತು, 2025ರಲ್ಲಿ ಗುಣಮಟ್ಟ ಇಳಿಯಿತೆಂದು ಮತ್ತೆ ಮನುಷ್ಯರನ್ನು ತೆಗೆದುಕೊಳ್ಳತೊಡಗಿತು. ಸಿಟ್ಟಿನಲ್ಲಿರುವ ಗ್ರಾಹಕ, ಹಣದ ವಿವಾದ, ನಿಯಮಕ್ಕೆ ಹೊರತಾದ ಪ್ರಕರಣ ಇವನ್ನು ಕೈಗೆತ್ತಿಕೊಳ್ಳುವ ತಂಡಕ್ಕೆ ಸೇರುವ ಪ್ರಯತ್ನ ಈಗಲೇ ಮಾಡಿ.

ವಕೀಲರ ಆಫೀಸಿನಲ್ಲಿ ಕರಡು ಮಾಡುವವರ ಕತೆ ಎಂತ?

ಸಾಮಾನ್ಯ ಬಾಡಿಗೆ ಕರಾರು, ನೋಟಿಸ್, ಅಫಿಡವಿಟ್ ಕರಡು ಬೇಗ ಹೋಗುತ್ತದೆ. ಜಮೀನಿನ ಕಾಗದ ಅಷ್ಟು ಸಲೀಸಲ್ಲ. ನಮ್ಮಲ್ಲಿ ಪಹಣಿ ಒಂದೇ ನೋಡಿದರೆ ಸಾಲುವುದಿಲ್ಲ. ಮೂಲಗೇಣಿ ಎಂದರೆ ಶಾಶ್ವತ ಗೇಣಿ, ಒಡೆತನ ಅಲ್ಲ. ಕುಮ್ಕಿ ಎಂದರೆ ವರ್ಗ (ಪಟ್ಟಾ) ಜಮೀನಿಗೆ ತಾಗಿದ ಸರಕಾರಿ ಜಾಗ, ಅಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆಯಂಥ ಸೌಲಭ್ಯ ಉಂಟು, ಮಾರುವ ಹಕ್ಕು ಇಲ್ಲ. ಸಾಮಾನ್ಯ ಎಐ ಮಾದರಿಗೆ ಈ ಪದಗಳು ಸಿಕ್ಕಿದರೆ ಅದು ಬಯಲುಸೀಮೆಯ ಕಾನೂನಿನ ಅಚ್ಚಿಗೆ ಹಾಕಿ ಚಂದದ ಕ್ರಯಪತ್ರ ಬರೆದುಕೊಡುತ್ತದೆ. ಕುಮ್ಕಿಯನ್ನೂ ವಿಸ್ತೀರ್ಣಕ್ಕೆ ಸೇರಿಸಿ ಮಾರಿದಂತೆ ಬರೆದರೆ ಕೊಂಡವನು ಮುಂದೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಪಕ್ಕದ ಕೇರಳದ ಹೈಕೋರ್ಟ್ 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಂಗಕ್ಕೆ ನೀತಿ ಹೊರಡಿಸಿ, ತೀರ್ಮಾನ ಕೊಡಲು ಎಐ ಬಳಸಬಾರದು ಎಂದಿದೆ.

ತುಳು, ಕೊಂಕಣಿ ಬರುವುದು ಕೆಲಸಕ್ಕೆ ರಕ್ಷಣೆ ಆದೀತಾ?

ಸ್ವಲ್ಪ ಕಾಲ, ಸ್ವಲ್ಪ ಮಟ್ಟಿಗೆ. ಗೂಗಲ್ ಅನುವಾದಕ್ಕೆ ಕೊಂಕಣಿ 2022ರಲ್ಲಿ, ತುಳು 2024ರಲ್ಲಿ ಸೇರಿತು. ತುಳು ಲಿಪಿಗೆ ಕಂಪ್ಯೂಟರ್ ಅಕ್ಷರಗಳ ಜಾಗತಿಕ ಪಟ್ಟಿಯಾದ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೂ 2024ರಲ್ಲೇ. ಅಂತರ್ಜಾಲದಲ್ಲಿ ತುಳು ಪಠ್ಯ ಕಮ್ಮಿ ಇರುವುದರಿಂದ ಗುಣಮಟ್ಟ ಇನ್ನೂ ತಗ್ಗು. ಕನ್ನಡದಲ್ಲೂ ಅಕ್ಷರಕ್ಕೆ 3 ಬೈಟ್ ಹಿಡಿಯುವುದರಿಂದ ಒಂದೇ ವಾಕ್ಯ ಇಂಗ್ಲಿಷಿಗಿಂತ ಹೆಚ್ಚು ತುಣುಕಾಗುತ್ತದೆ, ಖರ್ಚೂ ಹೆಚ್ಚು. ಆದರೆ ಈ ಅಂತರ ಕಮ್ಮಿಯಾಗುತ್ತಾ ಬರುತ್ತಿದೆ. ಭಾಷೆಯನ್ನು ನೆಚ್ಚಿಕೊಳ್ಳುವುದಾದರೆ ಅನುವಾದಕ್ಕೆ ನೆಚ್ಚಬೇಡಿ, ಆಸ್ಪತ್ರೆಯ ಕೌಂಟರಿನಲ್ಲಿ ಅಜ್ಜಿಯ ಜೊತೆ ತುಳುವಿನಲ್ಲಿ ಮಾತಾಡಿ ಸರಿಯಾದ ಮಾಹಿತಿ ಹೊರಡಿಸುವ ಕೆಲಸಕ್ಕೆ ನೆಚ್ಚಿ.

## ಮಕ್ಕಳ ಓದು, ಹೊಸಬರ ಕೆಲಸ

ಮಗಳು ಬಿಸಿಎ ಎರಡನೇ ವರ್ಷ. ಬಿಡಿಸಿ ಬೇರೆ ಸೇರಿಸುವುದಾ?

ಬಿಡಿಸಬೇಡಿ. 2025ರ ಪಿಯುಸಿ ಫಲಿತಾಂಶದಲ್ಲೂ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಓದಿಸಿ ಮೇಜಿನ ಕೆಲಸಕ್ಕೆ ಕಳಿಸುವುದೇ ಇಲ್ಲಿನ ಮನೆಗಳ ದೊಡ್ಡ ಹೂಡಿಕೆ, ಆದ್ದರಿಂದ ಈ ಆತಂಕ ನಮಗೆ ಚೆನ್ನಾಗಿ ಅರ್ಥವಾಗುತ್ತದೆ, ಸುಳ್ಳು ಧೈರ್ಯ ಹೇಳುವುದಿಲ್ಲ. ಸ್ಟ್ಯಾನ್‌ಫರ್ಡಿನವರು 2025ರ ಆಗಸ್ಟ್‌ನಲ್ಲಿ ಅಮೆರಿಕದ ವೇತನ ದಾಖಲೆಗಳನ್ನು ತೆರೆದು ನೋಡಿದಾಗ, ಎಐಗೆ ಹೆಚ್ಚು ತೆರೆದುಕೊಂಡ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿತ್ತು. ಅದೇ ಕೆಲಸದ ಹಿರಿಯರಿಗೆ ಏನೂ ಆಗಿರಲಿಲ್ಲ. ಅದೇ ವರ್ಷ ಡೆನ್ಮಾರ್ಕಿನಲ್ಲಿ 25,000 ನೌಕರರನ್ನು ನೋಡಿದ ಇನ್ನೊಂದು ಅಧ್ಯಯನಕ್ಕೆ ಸಂಬಳದಲ್ಲಾಗಲಿ ಕೆಲಸದ ಗಂಟೆಗಳಲ್ಲಾಗಲಿ ಹೇಳಿಕೊಳ್ಳುವ ಬದಲಾವಣೆ ಸಿಗಲಿಲ್ಲ. ಎರಡೂ ಒಟ್ಟಿಗೆ ನಿಜವಾಗಿರಬಹುದು. ಬ್ಯಾಂಕುಗಳಲ್ಲಿ ಆದದ್ದೂ ಹೀಗೆಯೇ.

ಉಳಿದ ಒಂದೂವರೆ ವರ್ಷದಲ್ಲಿ ಮಗಳು ಮೂರು ಕೆಲಸ ಮಾಡಲಿ. ಎಐ ಬರೆದ ಕೋಡನ್ನು ಸಾಲು ಸಾಲಾಗಿ ಓದಿ ಎಲ್ಲಿ ಮುರಿಯುತ್ತದೆ ಎಂದು ಬರೆದಿಡುವುದು, ವಾರಕ್ಕೆ ಎರಡು ಸಲ. ಬಿಸಿಎ ಜೊತೆಗೆ ಇನ್ನೊಂದು ಕ್ಷೇತ್ರದ ಒಳಗು ತಿಳಿಯುವುದು: ಮೀನು ರಫ್ತಿನ ದಾಖಲೆ, ಸಹಕಾರಿ ಸಂಘದ ಲೆಕ್ಕ, ಆಸ್ಪತ್ರೆಯ ಬಿಲ್ಲಿಂಗ್, ಯಾವುದಾದರೂ ಒಂದು. ಕೊನೆಗೆ, ನಿಜವಾದ ಒಬ್ಬ ಬಳಕೆದಾರನಿಗೆ ಒಂದು ಸಣ್ಣ ವ್ಯವಸ್ಥೆ ಮಾಡಿಕೊಟ್ಟು ಆರು ತಿಂಗಳು ನಡೆಸುವುದು. ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಆ ಆರು ತಿಂಗಳಲ್ಲಿ ಏನೇನು ಕೆಟ್ಟಿತು, ಹೇಗೆ ಸರಿಮಾಡಿದೆ ಎಂಬ ಉತ್ತರ ತೂಗುತ್ತದೆ.

ಹೊಸಬರನ್ನೇ ತೆಗೆದುಕೊಳ್ಳದಿದ್ದರೆ ನಾಳೆ ಸೀನಿಯರ್ ಎಲ್ಲಿಂದ ಬರುತ್ತಾರೆ?

ಬರುವುದಿಲ್ಲ. ಆಫೀಸು ನಡೆಸುವವರು ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿಕೊಳ್ಳಬೇಕು. ತಪ್ಪು ಹಿಡಿಯುವ ಕಣ್ಣು ಬರುವುದು ನೂರಾರು ಸಲ ಸ್ವತಃ ತಪ್ಪು ಮಾಡಿ ತಿದ್ದಿಸಿಕೊಂಡಾಗ. ಆ ಹಂತವನ್ನೇ ಯಂತ್ರಕ್ಕೆ ಕೊಟ್ಟರೆ ಐದು ವರ್ಷದ ಮೇಲೆ ಯಂತ್ರದ ಕೆಲಸ ಪರೀಕ್ಷಿಸಲು ಯಾರೂ ಇರುವುದಿಲ್ಲ. ಮೊದಲ ಆರು ತಿಂಗಳು ಹೊಸಬರು ಕೆಲಸವನ್ನು ಕೈಯಾರೆ ಮಾಡಲಿ, ಅದೇ ಕೆಲಸ ಎಐ ಕೂಡ ಮಾಡಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹಿರಿಯರು ಹತ್ತು ನಿಮಿಷ ಮಾತಾಡಲಿ. ಆ ಹತ್ತು ನಿಮಿಷ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

## ಕೈಯಾರೆ ಮಾಡುವುದು

ನನ್ನ ಕೆಲಸದಲ್ಲಿ ಎಷ್ಟು ಪಾಲು ಹೋಗುತ್ತದೆ ಎಂದು ನಾನೇ ಲೆಕ್ಕ ಹಾಕುವುದು ಹೇಗೆ?

ಎರಡು ವಾರ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಅರ್ಧ ಗಂಟೆ ಏನು ಮಾಡಿದಿರಿ ಎಂದು ಬರೆಯಿರಿ. ಹುದ್ದೆಯ ಹೆಸರು ಬೇಡ, ಕ್ರಿಯಾಪದ ಬೇಕು: ಟೈಪಿಸಿದೆ, ತಾಳೆ ನೋಡಿದೆ, ಫೋನಿನಲ್ಲಿ ಒಪ್ಪಿಸಿದೆ, ಸಹಿ ಹಾಕಿದೆ. ಆಮೇಲೆ ಪ್ರತಿ ಸಾಲಿಗೆ ಮೂರು ಪ್ರಶ್ನೆ. ಬೇಕಾದ ಮಾಹಿತಿಯೆಲ್ಲ ಕಂಪ್ಯೂಟರಿನಲ್ಲೇ ಉಂಟಾ? ಉತ್ತರ ತಪ್ಪಾದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದಾ? ತಪ್ಪಾದರೆ ಕಾನೂನು ಪ್ರಕಾರ ಹೊಣೆ ಬೇರೆಯವರದಾ? ಮೂರಕ್ಕೂ ಹೌದು ಬಂದ ಗಂಟೆಗಳನ್ನು ಕೂಡಿಸಿ.

ವಾರಕ್ಕೆ 45 ಗಂಟೆಯಲ್ಲಿ 18 ಗಂಟೆಗೆ ಮೂರೂ ಹೌದು ಬಂದರೆ ಶೇ. 40. ಇದನ್ನು ಒಬ್ಬರಿಗೇ ನೋಡಿದರೆ ಹೆದರಿಕೆ ಇಲ್ಲ, ನಿಮ್ಮನ್ನು ಶೇ. 40ರಷ್ಟು ತೆಗೆಯಲು ಆಗುವುದಿಲ್ಲವಲ್ಲ. ಆದರೆ ನಿಮ್ಮಂಥ ಐದು ಮಂದಿ ಇರುವ ವಿಭಾಗದಲ್ಲಿ ಅದು ಎರಡು ಹುದ್ದೆಯ ಕೆಲಸ. ವಿಭಾಗ ದೊಡ್ಡದಿದ್ದಷ್ಟೂ ಬೇಗ.

ಆಫೀಸಿಗೆ ಎಐ ತಂದ ಮೇಲೆ ಕೆಲಸ ಹೆಚ್ಚೇ ಆಗಿದೆ. ಯಾಕೆ?

ಪರೀಕ್ಷೆಯ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ, ಅದಕ್ಕೆ. 60 ನಿಮಿಷದ ವರದಿ ಎಐಯಿಂದ 5 ನಿಮಿಷಕ್ಕೆ ಬಂತು, ಪರೀಕ್ಷೆಗೆ 20 ನಿಮಿಷ ಹಿಡಿಯಿತು, ಹತ್ತರಲ್ಲಿ ಒಂದನ್ನು ಮೊದಲಿನಿಂದ ಮಾಡಬೇಕಾಯಿತು ಎನ್ನಿ. ಸರಾಸರಿ 31 ನಿಮಿಷ, ಲಾಭ ಉಂಟು. ಪರೀಕ್ಷೆಗೇ 50 ನಿಮಿಷ ಹಿಡಿದರೆ ಒಟ್ಟು 61, ನಷ್ಟ.

ಒಂದರ ಮೇಲೊಂದು ಹಂತ ಪೋಣಿಸಿದಾಗ ಇನ್ನೂ ಕಷ್ಟ. ಪ್ರತಿ ಹಂತ ಶೇ. 95 ಸರಿ ಇದ್ದರೂ 20 ಹಂತ ದಾಟಿ ಪೂರ್ತಿ ಸರಿಯಾಗಿ ಹೊರಬರುವ ಸಂಭವ ಶೇ. 36 ಮಾತ್ರ. ಶೇ. 99 ಇದ್ದರೆ ಶೇ. 82. ಆದ್ದರಿಂದ ಉದ್ದ ಕೆಲಸವನ್ನು ಒಟ್ಟಿಗೆ ಒಪ್ಪಿಸಬೇಡಿ. ನಾಲ್ಕೈದು ಹಂತಕ್ಕೊಮ್ಮೆ ನಿಲ್ಲಿಸಿ, ಒಟ್ಟು ಮೊತ್ತ, ಸಾಲುಗಳ ಸಂಖ್ಯೆಯಂಥ ತಟ್ಟನೆ ತಾಳೆ ನೋಡಬಹುದಾದ ಗುರುತು ಇಟ್ಟುಕೊಳ್ಳಿ.

ಗ್ರಾಹಕರ ಕಾಗದ ಚಾಟ್‌ಜಿಪಿಟಿಗೆ ಹಾಕಬಹುದಾ?

ಆಫೀಸಿನ ಲಿಖಿತ ಒಪ್ಪಿಗೆ ಇಲ್ಲದೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಹೆಸರು ಅಳಿಸಿದರೆ ಸಾಲದು, ಪಾನ್, ಆಧಾರ್, ಖಾತೆ ಸಂಖ್ಯೆ, ಸರ್ವೆ ನಂಬರ್ ಕೂಡ ಹೋಗಬೇಕು. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದರೆ ಅದರಡಿಯ ಅಕ್ಷರ ಹಲವು ಸಲ ಹಾಗೇ ಉಳಿದಿರುತ್ತದೆ.

"ಎಐ ಬಂತು, ರಾಜೀನಾಮೆ ಬರೆದುಕೊಡಿ" ಅಂದರೆ ಎಂತ ಮಾಡುವುದು?

ಆ ಕೋಣೆಯಲ್ಲೇ ಸಹಿ ಹಾಕಬೇಡಿ. ಓದಿ ನೋಡಲು ಸಮಯ ಬೇಕೆಂದು ಇಮೇಲ್‌ನಲ್ಲಿ ಕೇಳಿ. ರಾಜೀನಾಮೆ ಎಂದರೆ ನೀವಾಗಿ ಬಿಟ್ಟಿರಿ ಎಂದಾಗುತ್ತದೆ, ಕೆಲಸದಿಂದ ತೆಗೆದಾಗ ಸಿಗುವ ಹಕ್ಕು ಕೈತಪ್ಪುತ್ತದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಕನಿಷ್ಠ ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕರನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. ಮರುಕೌಶಲ ನಿಧಿಯಿಂದ ಇನ್ನೂ 15 ದಿನದ ವೇತನ ಬರಬೇಕು. ವ್ಯವಸ್ಥಾಪಕ ಹುದ್ದೆಯವರು ಕಾರ್ಮಿಕರ ವ್ಯಾಖ್ಯೆಗೆ ಬರುವುದಿಲ್ಲ, ಆದರೆ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದ್ದ ಮಾತ್ರಕ್ಕೆ ಬಿಡಬೇಡಿ. ನೋಡುವುದು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು. ನೇಮಕಾತಿ ಪತ್ರ, ಸಂಬಳ ಚೀಟಿಗಳ ಪ್ರತಿ ಮೊದಲೇ ಮನೆಯಲ್ಲಿರಲಿ. ಆಫೀಸಿನ ಗುಂಪು ಆರೋಗ್ಯ ವಿಮೆ ಕೊನೆಯ ದಿನಕ್ಕೇ ನಿಲ್ಲಬಹುದು, ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅದಕ್ಕೂ ಮುನ್ನ ಅರ್ಜಿ ಕೊಡಿ.

## ಆಳದ ಪ್ರಶ್ನೆಗಳು

"ಏಳು ತಿಂಗಳಿಗೆ ದುಪ್ಪಟ್ಟು" ಅನ್ನುವುದು ಯಾವುದರ ಲೆಕ್ಕ?

ಎಂಇಟಿಆರ್ 2025ರ ಮಾರ್ಚ್‌ನಲ್ಲಿ ಕೊಟ್ಟ ಲೆಕ್ಕ. ಒಬ್ಬ ಪರಿಣತನಿಗೆ ಎಷ್ಟು ಹೊತ್ತು ಹಿಡಿಯುವ ಕೆಲಸವನ್ನು ಎಐ ಎರಡರಲ್ಲಿ ಒಂದು ಸಲ ಯಶಸ್ವಿಯಾಗಿ ಮುಗಿಸುತ್ತದೆ ಎಂದು ಅಳೆದರು. 2019ರಿಂದ ಆ ಹೊತ್ತು ಸುಮಾರು 7 ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತಾ ಬಂದು, ಆಗಿನ ಉತ್ತಮ ಮಾದರಿಗೆ ಹತ್ತಿರ ಹತ್ತಿರ ಒಂದು ಗಂಟೆಯಾಗಿತ್ತು. ಗೆರೆ ಹಾಗೇ ಎಳೆದರೆ 21 ತಿಂಗಳಲ್ಲಿ 8 ಗಂಟೆ, ಮೂರು ವರ್ಷ ದಾಟುವಾಗ ಒಂದು ವಾರದ ಕೆಲಸ.

ಗಾಬರಿಯಾಗುವ ಮೊದಲು ಎರಡು ಸಂಗತಿ ನೋಡಿ. ಎರಡರಲ್ಲಿ ಒಂದು ಸಲ ಸರಿ ಎಂದರೆ ಯಾವ ಆಫೀಸಿಗೂ ಸಾಲುವುದಿಲ್ಲ, ಶೇ. 80 ಸರಿ ಬೇಕು ಎಂದರೆ ಅದೇ ಮಾದರಿಯ ಹೊತ್ತು ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. ಅಳೆದದ್ದು ಹೆಚ್ಚಾಗಿ ಸಾಫ್ಟ್‌ವೇರ್ ಕೆಲಸಗಳನ್ನು, ಅವಕ್ಕೆ ಆರಂಭ, ಕೊನೆ, ಸರಿ ಉತ್ತರ ಸ್ಪಷ್ಟ. ತಾಲೂಕು ಕಚೇರಿಯ ಕಡತ ಹಾಗಿರುವುದಿಲ್ಲ. ಆದರೂ ಗೆರೆ ಮೇಲಕ್ಕೇ ಹೋಗುತ್ತಿದೆ ಎಂಬುದನ್ನು ಮರೆಯಬೇಡಿ.

ಇಷ್ಟು ಶಕ್ತಿ ಇದ್ದರೂ ಆಫೀಸುಗಳಲ್ಲಿ ಯಾಕೆ ಇಷ್ಟು ತಡ?

ವಿದ್ಯುತ್ತಿನ ಚರಿತ್ರೆ ನೋಡಿ. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ, ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ಮೊದಮೊದಲು ಹಬೆ ಎಂಜಿನ್ ಇದ್ದ ಜಾಗದಲ್ಲೇ ದೊಡ್ಡ ಮೋಟಾರ್ ಇಟ್ಟು, ಹಳೆಯ ಬೆಲ್ಟುಗಳನ್ನೇ ಓಡಿಸಿದರು. ಪ್ರತಿ ಯಂತ್ರಕ್ಕೂ ಸಣ್ಣ ಮೋಟಾರ್ ಕೂರಿಸಿ ಕಟ್ಟಡವನ್ನೇ ಬದಲಿಸಿದ ಮೇಲೆ ಲಾಭ ಬಂತು. ಇಂದಿನ ಆಫೀಸುಗಳಲ್ಲೂ ಹಳೆಯ ಫೈಲು, ಹಳೆಯ ಅನುಮೋದನೆಯ ಸಾಲು ಹಾಗೇ ಇಟ್ಟು ಮಧ್ಯದಲ್ಲಿ ಎಐ ಸಿಕ್ಕಿಸಿದ್ದಾರೆ. ಈ ಸಲ ನಲವತ್ತು ವರ್ಷ ಬೇಕಾಗದು. ತಂತಿ ಎಳೆಯುವುದು, ಕಟ್ಟಡ ಕಟ್ಟುವುದು ಇಲ್ಲ, ಕಂಪ್ಯೂಟರ್ ಮೇಜಿನ ಮೇಲೆ ಆಗಲೇ ಉಂಟು. ನಮ್ಮ ಅಂದಾಜಿನಲ್ಲಿ ಬ್ಯಾಂಕುಗಳ ಇಪ್ಪತ್ತು ವರ್ಷದ ಬದಲಾವಣೆ ಈ ಸಲ ಐದರಿಂದ ಹತ್ತು ವರ್ಷದೊಳಗೆ ಆಗುತ್ತದೆ.

ನಮ್ಮ ಕಡೆಗೆ ಬಂತು ಎಂದು ಗೊತ್ತಾಗುವುದು ಹೇಗೆ? ಯಾವುದನ್ನು ನೋಡುತ್ತಿರಬೇಕು?

ದೊಡ್ಡ ಕಂಪನಿಗಳ ಹೇಳಿಕೆಯನ್ನಷ್ಟೇ ನೋಡಿದರೆ ದಾರಿ ತಪ್ಪುತ್ತದೆ. ಟಿಸಿಎಸ್ 2025ರ ಜುಲೈಯಲ್ಲಿ ಸುಮಾರು 12,000 ಮಂದಿಯನ್ನು, ಎಂದರೆ ಶೇ. 2ರಷ್ಟು ನೌಕರರನ್ನು ಕಮ್ಮಿ ಮಾಡುತ್ತೇವೆ ಎಂದಾಗ ಪತ್ರಿಕೆಗಳು ಎಐ ಎಂದವು, ಕಂಪನಿ ಕೌಶಲ ಹೊಂದಿಕೆಯಾಗದ್ದು ಕಾರಣ ಎಂದಿತು. ಹೊರಗಿನವರಿಗೆ ಇದನ್ನು ಬೇರ್ಪಡಿಸಿ ನೋಡಲು ಆಗುವುದಿಲ್ಲ.

ಹತ್ತಿರದ ಗುರುತುಗಳು ಹೆಚ್ಚು ನಂಬಿಕೆಯವು. ಸುರತ್ಕಲ್‌ನ ಎನ್‌ಐಟಿಕೆಯಂಥ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಗೆ ಕಂಪನಿಗಳು ಬಂದೇ ಬರುತ್ತವೆ, ಅದನ್ನು ನೋಡಬೇಡಿ. ಪುತ್ತೂರು, ಕುಂದಾಪುರ, ಮೂಡುಬಿದಿರೆಯ ಸಾಮಾನ್ಯ ಪದವಿ ಕಾಲೇಜಿನಲ್ಲಿ ಕಳೆದ ವರ್ಷ ಎಷ್ಟು ಮಂದಿಗೆ ಮೊದಲ ಕೆಲಸ ಸಿಕ್ಕಿತ್ತು, ಈ ವರ್ಷ ಎಷ್ಟು ಎಂದು ಪ್ಲೇಸ್‌ಮೆಂಟ್ ಅಧಿಕಾರಿಯ ಹತ್ತಿರ ಕೇಳಿ. ನಿಮ್ಮ ಆಫೀಸಿನಲ್ಲಿ ಯಾರಾದರೂ ಬಿಟ್ಟುಹೋದರೆ ಆ ಜಾಗಕ್ಕೆ ಜಾಹೀರಾತು ಬಂತೋ, ಅಲ್ಲ ಆ ಕೆಲಸವನ್ನು ಉಳಿದ ಮೂವರಿಗೆ ಹಂಚಿದರೋ ಎಂದು ಬರೆದಿಡಿ. ಒಂದೇ ವರ್ಷದಲ್ಲಿ ಮೂರು ಕುರ್ಚಿ ಹಾಗೆ ಖಾಲಿ ಉಳಿದರೆ, ಅದು ನಿಮ್ಮ ವಿಭಾಗಕ್ಕೆ ಬಂದಾಗಿದೆ.